ಬೆಂಗಳೂರಿಗೆ ಮಾತ್ರ ವೀಸಾ

ಯಲಹಂಕದ ಕೋಟೆ ಬೀದಿಯಲ್ಲಿ ಹುಟ್ಟಿ ಬೆಳೆದ ಜಹೀರಾ, ತಾಯಿಯ ಮುಖ ನೋಡಲೆಂದು ಕರಾಚಿಯಿಂದ ಬಂದು, ಯಲಹಂಕಕ್ಕೆ ಹೋಗಲಾರದೆ ಆರ್.ಟಿ. ನಗರದ ತಮ್ಮನ ಮನೆಯಲ್ಲಿ ಕೂತಿದ್ದಳು. ಅದು ಎಂಬತ್ತೊಂದನೇ ಇಸವಿಯ ಬೇಸಿಗೆ. ತಮ್ಮ ವಾಜಿದನ ಮನೆಗೆ ತಾರಸಿಯಿತ್ತು. ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಹತ್ತಿದರೆ ಖಾಲಿ ಸೈಟುಗಳಾಚೆ ಬಳ್ಳಾರಿ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಆ ತುಂಡಿನ ಮೇಲೆ ಉತ್ತರದ ಕಡೆ ಹೋಗುವ ಬಸ್ಸು ಕಂಡರೆ, ಅದು ಈಗ ಹೆಬ್ಬಾಳದ ಕೆರೆ ದಾಟುತ್ತದೆ, ಈಗ ಜಕ್ಕೂರಿನ ಹತ್ತಿರ ಇರುತ್ತದೆ, ಈಗ ನಮ್ಮ ಬೀದಿಯ ತುದಿಗೆ ಬಂದು ನಿಂತಿರುತ್ತದೆ ಎಂದು ಮನಸ್ಸಿನಲ್ಲೇ ಅದರ ಜೊತೆ ಹೋಗಿಬರುತ್ತಿದ್ದಳು. ಹಿಂಡಿದ ಬಟ್ಟೆ ಕೈಯಲ್ಲೇ ಒಣಗುತ್ತಿತ್ತು.

ಅವಳ ಪಾಸ್‌ಪೋರ್ಟಿನಲ್ಲಿ ಒತ್ತಿದ್ದ ವೀಸಾ ಒಂದೇ ಊರಿನದು: ಬೆಂಗಳೂರು. ಪಾಕಿಸ್ತಾನದಿಂದ ಬರುವವರಿಗೆ ಇಡೀ ದೇಶಕ್ಕೆಂದು ವೀಸಾ ಸಿಗುತ್ತಿರಲಿಲ್ಲ. ಹೆಸರು ಬರೆದ ಊರಿಗೆ ಮಾತ್ರ. ಬಂದ ಕೂಡಲೇ ಪೊಲೀಸ್ ಕಚೇರಿಗೆ ಹೋಗಿ ಹೆಸರು ಬರೆಸಬೇಕು, ಇಳಿದುಕೊಂಡ ಮನೆಯ ವಿಳಾಸ ಕೊಡಬೇಕು, ಹೊರಡುವ ಮುನ್ನ ಮತ್ತೆ ಹೋಗಿ ಹೇಳಬೇಕು. ನಡುವೆ ಆ ಊರಿನ ಎಲ್ಲೆ ದಾಟುವಂತಿಲ್ಲ. ಬೆಂಗಳೂರಿನ ಎಲ್ಲೆ ಹೆಬ್ಬಾಳಕ್ಕೆ ಮುಗಿಯುತ್ತಿತ್ತು. ಯಲಹಂಕ ಆಗ ಬೇರೆ ಊರು, ಬೇರೆ ಪುರಸಭೆ, ಬೇರೆ ಪೊಲೀಸರು. ಸಾಲದ್ದಕ್ಕೆ ಅದರ ಪಕ್ಕದಲ್ಲೇ ವಾಯುಪಡೆಯ ನೆಲೆ.

ತಪ್ಪು ಅವಳದೇ. ಹದಿನೆಂಟಕ್ಕೆ ಮದುವೆಯಾಗಿ ಹೋದವಳು. ಗಂಡ ಮುಜಫ್ಫರ್ ಸೋದರತ್ತೆಯ ಮಗ. ದೇಶ ಒಡೆದಾಗ ಆ ಮನೆಯವರು ಕರಾಚಿಗೆ ಹೋಗಿದ್ದರು. ಅಲ್ಲಿ ಬೆಂಗಳೂರಿನ ಕಡೆಯಿಂದ ಹೋದವರು ಒಟ್ಟಾಗಿ ಮನೆ ಕಟ್ಟಿಕೊಂಡ ಬಡಾವಣೆಯಿತ್ತು. ಶಿವಾಜಿನಗರದವರು, ಯಶವಂತಪುರದವರು, ಜಕ್ಕೂರಿನ ಕಡೆಯವರು, ಆ ಬೀದಿಗಳಲ್ಲಿ ಎಲ್ಲರೂ ಬೆಂಗಳೂರಿನವರೇ. ಯಾರಾದರೂ ಊರು ಕೇಳಿದರೆ ಜಹೀರಾ ಇಪ್ಪತ್ತೆರಡು ವರ್ಷ ಬೆಂಗಳೂರು ಎಂದೇ ಹೇಳಿದ್ದಳು. ವೀಸಾ ಅರ್ಜಿಯಲ್ಲಿ ಹೋಗಬೇಕಾದ ಊರುಗಳಿಗೆಂದು ಮೂರು ನಾಲ್ಕು ಗೆರೆ ಬಿಟ್ಟಿದ್ದರು. ಮುಜಫ್ಫರ್ ಪೆನ್ನು ಹಿಡಿದು, "ಎಲ್ಲೆಲ್ಲಿಗೆ?" ಎಂದು ಕೇಳಿದ. "ಬೆಂಗಳೂರಿಗೆ. ಇನ್ನೆಲ್ಲಿಗೆ?" ಎಂದಳು. ಅವನು ಒಂದು ಗೆರೆ ತುಂಬಿ ಮಿಕ್ಕದ್ದಕ್ಕೆ ಅಡ್ಡಗೀಟು ಎಳೆದ. ಚಿಕ್ಕವಳಿದ್ದಾಗ ಅಪ್ಪ "ಬೆಂಗಳೂರಿಗೆ ಹೋಗ್ಬರ್ತೀನಿ" ಎಂದು ಹೊರಟರೆ ತಾನೂ ಬರುತ್ತೇನೆಂದು ಹೊಸ ಲಂಗ ಹುಡುಕುತ್ತಿದ್ದವಳು ಇವಳೇ. ಯಲಹಂಕ ಬೇರೆ, ಬೆಂಗಳೂರು ಬೇರೆ ಎಂದು ಐದು ವರ್ಷಕ್ಕೆ ಗೊತ್ತಿದ್ದದ್ದು ನಲವತ್ತಕ್ಕೆ ಮರೆತುಹೋಗಿತ್ತು. ಅಷ್ಟು ದೂರದಿಂದ ನೋಡುವಾಗ ಎರಡೂ ಒಂದೇ ಚುಕ್ಕಿಯಾಗಿ ಕಾಣುತ್ತವೆ.

ಅಪ್ಪ ಖಾದರ್ ಬಾಷಾ ತೀರಿಕೊಂಡ ತಂತಿ ಬಂದ ಮೇಲೆ ಅವಳು ವೀಸಾಕ್ಕೆ ಅರ್ಜಿ ಹಾಕಿದ್ದು. ಅವರು ಪಾತ್ರೆಗಳಿಗೆ ಕಲಾಯಿ ಹಾಕುವವರು. ತಿದಿ, ಇದ್ದಿಲಿನ ಚೀಲ, ಪಾತ್ರೆಗೆ ಉಜ್ಜುವ ನವಸಾಗರದ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಸುತ್ತಲ ಹಳ್ಳಿಗಳನ್ನೆಲ್ಲ ತಿರುಗಿದವರು. ಮಗಳ ಕೈಗೆ ವೀಸಾ ಬರುವಷ್ಟರಲ್ಲಿ ಅವರ ನಲವತ್ತನೇ ದಿನದ ಫಾತಿಹಾ ಮುಗಿದು ಹೋಗಿತ್ತು. ಮಣ್ಣಿಗೂ ಸಿಗಲಿಲ್ಲ, ಅಮ್ಮನಾದರೂ ಸಿಗಲಿ ಎಂದು ಅವಳು ಹೊರಟಳು. ವಾಣಿಯಂಬಾಡಿಗೆ ಹೊರಟಿದ್ದ ಒಂದು ಕುಟುಂಬದ ಜೊತೆ ಮದ್ರಾಸಿನ ದಾರಿಯಾಗಿ ಬಂದು ಇಳಿದಳು.

ಅಮ್ಮ ಅಕ್ಬರಿ ಯಲಹಂಕದ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದಳು. ಆದರೆ ಇದ್ದತ್ತಿನಲ್ಲಿ ಕೂತಿದ್ದಳು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ತನ್ನ ಮನೆಯಲ್ಲೇ ಇರಬೇಕೆಂಬ ಕಟ್ಟಳೆ ಅದು. ಮದ್ದು, ಹೊಟ್ಟೆಪಾಡು ಎಂಬಂಥ ಕಾರಣವಿದ್ದರೆ ಹಗಲಲ್ಲಿ ಹೊರಗೆ ಹೋಗಬಹುದು, ಇರುಳಿಗೆ ಮನೆ ಸೇರಬೇಕು; ಇನ್ನೊಬ್ಬರ ಮನೆಗೆ ಭೇಟಿ ಎಂದು ಹೋಗುವಂತಿಲ್ಲ. ಹಾಗೆಂದು ಗಂಡನ ಅಣ್ಣ ಗುಲಾಮ್ ರಸೂಲ್ ಹೇಳಿದ್ದರು. ಅವರು ದಿನವೂ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅಕ್ಬರಿ ಆ ಮಾತನ್ನು ಸೆರಗಿನ ಗಂಟಿನ ಹಾಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಇದ್ದತ್ತು ಮುಗಿಯುವುದರೊಳಗೆ ಜಹೀರಾಳ ವೀಸಾ ಮುಗಿಯುತ್ತಿತ್ತು.

ಭಾನುವಾರಗಳಂದು ವಾಜಿದ್ ಯಲಹಂಕಕ್ಕೆ ಹೋಗಿ ಅಮ್ಮನ ಮಾತು ತರುತ್ತಿದ್ದ.

"ದೇಶದ ಗಡಿ ದಾಟಿ ಬಂದೋಳಿಗೆ ಹೆಬ್ಬಾಳದ ಕೆರೆ ದಾಟೋಕಾಗಲ್ವಾ ಅಂದ್ಳು," ಎಂದು ಚಪ್ಪಲಿ ಬಿಡುತ್ತ ಹೇಳಿದ.

"ನೀನು ವೀಸಾ ವಿಷಯ ಹೇಳ್ಲಿಲ್ವಾ?"

"ಹೇಳ್ದೆ. ದೊಡ್ಡಪ್ಪ ನಕ್ಕರು. ಹತ್ತು ಮೈಲಿಗೆ ಯಾವ ಸರ್ಕಾರ ತಡೆಯತ್ತೆ, ತಮ್ಮನಿಗೆ ನೌಕರಿ ಭಯ ಅಷ್ಟೇ ಅಂದ್ರು. ಅಮ್ಮ ಆ ಕಡೆ ಮುಖ ತಿರುಗಿಸಿ ಅಕ್ಕಿ ಆರಿಸ್ತಾ ಇದ್ಳು."

ಭಯ ಇದ್ದದ್ದು ನಿಜ. ವಾಜಿದ್ ಜಾಲಹಳ್ಳಿಯ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಕ್ಕ ಬರುವ ಮುಂಚೆಯೇ ಅಲ್ಲಿ ಬರೆದುಕೊಟ್ಟಿದ್ದ: ಇಂಥ ದೇಶದಿಂದ ಇಂಥವರು ಬರುತ್ತಾರೆ, ಇಷ್ಟು ದಿನ ಇರುತ್ತಾರೆ, ಎಲ್ಲಿಗೂ ಹೋಗುವುದಿಲ್ಲ. ಸಹಿ ಹಾಕುವಾಗ ಎದುರಿಗೆ ಕೂತಿದ್ದವರು ಎರಡನೇ ಸಲ ಅವನ ಮುಖ ನೋಡಿದ್ದರು.

"ಬುರ್ಖಾ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ, ವಾಜಿದ್?" ಎಂದಳು ಜಹೀರಾ.

"ಗೊತ್ತಾಗಲ್ಲ ಆಪಾ. ಗೊತ್ತಾದ್ರೆ ಅಂತ ನಾನು ಹೇಳ್ತಿರೋದು."

"ಏನ್ ಮಾಡ್ತಾರೆ?"

"ನಿಮಗೇನ್ ಮಾಡ್ತಾರೋ ಗೊತ್ತಿಲ್ಲ. ನನಗೆ ಗೇಟ್ ತೋರಿಸ್ತಾರೆ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ವಾರಕ್ಕೊಮ್ಮೆ ಹತ್ತಿರದ ಠಾಣೆಯಿಂದ ಒಬ್ಬ ಪೇದೆ ಬಂದು ಗೇಟಿನ ಬಳಿ ನಿಲ್ಲುತ್ತಿದ್ದ. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. "ಅಮ್ನೋರು ಇದಾರಾ?" ಎನ್ನುತ್ತಿದ್ದ. ಜಹೀರಾ ಬಾಗಿಲಿಗೆ ಬಂದು ಮುಖ ತೋರಿಸಬೇಕು. ಅವನು ನೋಡಿ, ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದ. ಎದುರು ಮನೆಯ ಕಿಟಕಿಗಳಲ್ಲಿ ಪರದೆ ಅಲುಗುತ್ತಿತ್ತು. ತಾನು ಇದ್ದೇನೆ ಎಂಬುದಕ್ಕೆ ಇಷ್ಟು ಸಲ ಸಾಕ್ಷಿ ಕೊಟ್ಟ ಕಾಲ ಅವಳ ಬಾಳಿನಲ್ಲಿ ಬೇರೊಂದಿರಲಿಲ್ಲ.

ಎರಡು ಮನೆಗಳ ನಡುವೆ ತಡೆಯಿಲ್ಲದೆ ಓಡಾಡುತ್ತಿದ್ದವಳು ಗಂಗರತ್ನಮ್ಮ ಒಬ್ಬಳೇ. ಅಕ್ಬರಿಯ ಪಕ್ಕದ ಮನೆಯವಳು, ಐವತ್ತು ದಾಟಿದವಳು. ಮೊದಲ ಬಸ್ಸಿಗೆ ಸೊಪ್ಪಿನ ಬುಟ್ಟಿ ಹೇರಿಕೊಂಡು ಬಂದು ಆರ್.ಟಿ. ನಗರದ ಬೀದಿಗಳಲ್ಲಿ ಮಾರುತ್ತಿದ್ದಳು. ಅವಳ ಮದುವೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದ್ದು ಖಾದರ್ ಬಾಷಾ. ಜಹೀರಾ ಬಂದ ವಾರದಲ್ಲೇ ವಾಜಿದನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಒಳಗೆ ಇಣುಕಿ, "ಮೂಗು ಬಾಷಾ ಸಾಬ್ರುದೇ," ಎಂದಿದ್ದಳು.

"ರತ್ನಕ್ಕ," ಎಂದಳು ಜಹೀರಾ.

"ಅದೊಂದಾದ್ರೂ ನೆಪ್ಪೈತಲ್ಲ. ಕನ್ನಡ ಮರ್ತಿರ್ತೀಯ ಅನ್ಕಂಡಿದ್ದೆ."

"ಮರ್ತಿಲ್ಲ. ಆಡೋಕೆ ಯಾರಿದ್ರು ಅಲ್ಲಿ?"

"ನೀನು ಓದಾಗ ಯೆಂಗಿತ್ತೋ ಅಂಗೇ ಐತೆ ನಿನ್ ಮಾತು. ಪೆಟ್ಟಿಗೇಲಿ ಮಡಗಿದ್ದಂಗೆ."

ಅಂದಿನಿಂದ ಸೊಪ್ಪಿನ ಬುಟ್ಟಿಯಲ್ಲಿ ಅಮ್ಮ ಕಳಿಸಿದ ಒಂದು ಡಬ್ಬಿ ಬರತೊಡಗಿತು. ಸೋರೆಕಾಯಿ ಹಾಕಿದ ದಾಲ್ಚಾ, ಒಮ್ಮೊಮ್ಮೆ ಖಿಚಡಿ. ಹೆಬ್ಬಾಳ ದಾಟಿ ಬರುವಷ್ಟರಲ್ಲಿ ಆರಿರುತ್ತಿತ್ತು. ಜಹೀರಾ ಬಿಸಿ ಮಾಡದೆ ತಿನ್ನುತ್ತಿದ್ದಳು. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ತಾನೂ ಏನಾದರೂ ಮಾಡಿ ತುಂಬಿ ಕಳಿಸುತ್ತಿದ್ದಳು. ಇಬ್ಬರೂ ಒಬ್ಬರ ಕೈಯಡುಗೆಯನ್ನು ಒಬ್ಬರು ತಿಂದರು. ಮುಖ ಮಾತ್ರ ನೋಡಲಿಲ್ಲ.

"ಈ ದಂಟಿನ ಸೊಪ್ಪು ಯಲಹಂಕದ್ದೇಯ," ಎಂದಳು ಗಂಗರತ್ನಮ್ಮ ಒಂದು ದಿನ, ಕಟ್ಟು ಬಿಚ್ಚುತ್ತ. "ಎಬ್ಬಾಳದಾಗೆ ಯಾರೂ ಇದ್ನ ಬಸ್ಸಿಂದ ಇಳ್ಸಿ ನೀನ್ಯಾವೂರು ಅನ್ನಾಕಿಲ್ಲ. ನಿಂಗೆ ಮಾತ್ರ ಯಾಕೆ ಅಂಗೆ?"

"ನಾನು ಸೊಪ್ಪಲ್ಲ ರತ್ನಕ್ಕ."

"ನಿಮ್ಮವ್ವ ನಂಬಾಕಿಲ್ಲ ಕಣವ್ವ. ಬರೋ ಮನಸಿದ್ರೆ ಬತ್ತಿದ್ಲು ಅಂತಾಳೆ. ನಂಗೂ ಅಂಗೇ ಅನ್ನಿಸ್ತದೆ, ಸುಳ್ಯಾಕೆ ಏಳ್ಳಿ. ಪೋಲೀಸ್ನೋನು ಬರಾದು ವಾರಕ್ಕೊಂದು ಸತಿ. ನಾಳೀಕ್ಕೆ ಒಂದು ಸೀರೆ ಉಟ್ಕೊ, ಖಾಲಿ ಬುಟ್ಟಿ ಎತ್ಕೊ, ನನ್ ಪಕ್ಕ ಕೂತ್ಕೊ. ಮದ್ಯಾನದ ಒತ್ಗೆ ವಾಪಸ್ ತಂದ್ ಬಿಡ್ತೀನಿ."

ಜಹೀರಾ ಇರುಳೆಲ್ಲ ಯೋಚಿಸಿದಳು. ಬೆಳಿಗ್ಗೆ ವಾಜಿದ್ ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ತಮ್ಮನ ಹೆಂಡತಿಯ ಹತ್ತಿ ಸೀರೆ ಉಟ್ಟಳು. ಹಣೆಗೆ ಒಂದು ಬೊಟ್ಟು ಇಟ್ಟುಬಿಡು ಎಂದು ಗಂಗರತ್ನಮ್ಮ ಹೇಳಿದ್ದಕ್ಕೆ ಒಪ್ಪಲಿಲ್ಲ. ಬುಟ್ಟಿ ಮಾತ್ರ ಎತ್ತಿಕೊಂಡಳು. ಮಾರಿ ಮುಗಿದ ಬುಟ್ಟಿಯಲ್ಲಿ ನೀರು ಚಿಮುಕಿಸಿದ ಗೋಣಿತಾಟು ಇನ್ನೂ ಒದ್ದೆಯಾಗಿತ್ತು.

ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆಂದು ಕೇಳಿದ. ಗಂಗರತ್ನಮ್ಮ ಎರಡು ಬೆರಳು ತೋರಿಸಿ, "ಯಲಹಂಕ," ಎಂದಳು. ಆ ಹೆಸರು ತನ್ನ ಲೆಕ್ಕಕ್ಕೂ ಸೇರಿಸಿ ಯಾರೋ ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ಜಹೀರಾ ಬುಟ್ಟಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ಗಂಗಾನಗರ ಕಳೆಯಿತು. ಹೊಲ, ತೋಟ, ಸುಣ್ಣದ ಗೋಡೆಗಳು. ಮುಂದಿನ ಸೀಟಿನಲ್ಲಿ ಒಬ್ಬ ಗಂಡಸು ಕೂತಿದ್ದ. ತೊಡೆಯ ಮೇಲೆ ಕಾರ್ಖಾನೆಯ ಹೆಸರಿದ್ದ ರೆಕ್ಸಿನ್ ಚೀಲ. ವಾಜಿದನ ಚೀಲವೂ ಅಂಥದ್ದೇ. ಅವನು ಅದನ್ನು ಭಾನುವಾರ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಮೊಳೆಗೆ ನೇತುಹಾಕುತ್ತಿದ್ದ. ಆ ಗಂಡಸು ಸುಮ್ಮನೆ ಹಿಂದೆ ತಿರುಗಿ ನೋಡಿದ. ಯಾವುದೋ ನಿಲ್ದಾಣ ಬಂತೇ ಎಂದು ನೋಡಿದ್ದಿರಬೇಕು. ಜಹೀರಾಗೆ ಅವನ ಮುಖ ಕಾಣಲಿಲ್ಲ, ಚೀಲ ಕಂಡಿತು.

ಹೆಬ್ಬಾಳದಲ್ಲಿ ಬಸ್ಸು ನಿಂತಾಗ ಅವಳು ಎದ್ದಳು.

"ಇನ್ನೂ ಬಂದಿಲ್ಲ ಕೂತ್ಕಳೇ," ಎಂದಳು ಗಂಗರತ್ನಮ್ಮ.

"ಬಂತು ರತ್ನಕ್ಕ. ನನ್ನ ಊರು ಇಲ್ಲಿಗೇ ಮುಗಿಯತ್ತೆ."

"ಟಿಕೀಟು ದಂಡ ಆಯ್ತಲ್ಲೇ ತಾಯಿ."

ಅವಳು ಇಳಿದು ಕೆರೆ ಏರಿಯ ತುದಿಯಲ್ಲಿ ನಿಂತಳು. ಬಸ್ಸು ಧೂಳೆಬ್ಬಿಸಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಆಮೇಲೆ ಬಂದ ದಾರಿಯಲ್ಲೇ ನಡೆದುಕೊಂಡು ವಾಪಸು ಬಂದಳು. ಖಾಲಿ ಬುಟ್ಟಿ ಸೊಂಟದ ಮೇಲೆಯೇ ಉಳಿದಿತ್ತು. ದಾರಿಯಲ್ಲಿ ಒಬ್ಬ ಹೆಂಗಸು, "ಸೊಪ್ಪು ಯೇನೈತಮ್ಮ?" ಎಂದು ಕೇಳಿದಳು. ಆಗ ಅವಳಿಗೆ ಅಳು ಬಂತು.

ಅದರ ಮಾರನೆ ದಿನದಿಂದ ಡಬ್ಬಿ ಬರಲಿಲ್ಲ. ಗಂಗರತ್ನಮ್ಮ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ, ಬಹಳ ಹೊತ್ತು ಬೇರೆ ಏನೇನೋ ಮಾತಾಡಿದಳು. ಕೊನೆಗೆ ಹೇಳಿದಳು: "ನಾನು ಏಳಬಾರದಾಗಿತ್ತು. ಎಬ್ಬಾಳದಗಂಟ ಬಂದು ವಾಪಸ್ ಓದ್ಲು ಅಂತ ಬಾಯ್ ಬಿಟ್ಬಿಟ್ಟೆ. ಅಲ್ಲೀಗಂಟ ಬಂದೋಳ್ಗೆ ನನ್ ಮನೆ ದೂರ ಆಯ್ತಾ ಅಂತ ಒಲೆ ಮುಂದಿಂದ ಎದ್ದು ಒಂಟೋದ್ಲು ನಿಮ್ಮವ್ವ."

ವೀಸಾ ಮುಗಿಯುವ ಮುನ್ನ ವಾಜಿದ್ ಅರ್ಜಿ ಕೊಟ್ಟು ಇನ್ನೂ ಹದಿನೈದು ದಿನ ಕೊಡಿಸಿದ್ದ. ಯಲಹಂಕದ ಹೆಸರು ಸೇರಿಸಿ ಎಂದು ಕೇಳಿದ ಇನ್ನೊಂದು ಅರ್ಜಿ ದಿಲ್ಲಿಗೆ ಹೋಗಿತ್ತು. ಅದಕ್ಕೆ ಉತ್ತರ ಬರಲಿಲ್ಲ. ಹದಿನೈದು ದಿನವೂ ಸವೆಯಿತು. ಹೊರಡುವ ಎರಡು ದಿನ ಮುಂಚೆ ಪೊಲೀಸ್ ಕಚೇರಿಯಲ್ಲಿ ಹಾಜರಾಗಿ ಮೊಹರು ಹಾಕಿಸಬೇಕಿತ್ತು. ಅಕ್ಕನನ್ನು ಗಡಿಯವರೆಗೆ ಬಿಟ್ಟುಬರಲೆಂದು ರಜೆಯನ್ನೆಲ್ಲ ಕೂಡಿಸಿಟ್ಟಿದ್ದ ವಾಜಿದನಿಗೆ ಅಂದು ಬಿಡುವು ಸಿಗಲಿಲ್ಲ. ಒಬ್ಬಳೇ ಹೋಗಲು ಜಹೀರಾ ಅಳುಕುತ್ತಿದ್ದಾಗ ಗಂಗರತ್ನಮ್ಮ ಬುಟ್ಟಿಯನ್ನು ವಾಜಿದನ ಅಡುಗೆಮನೆಯಲ್ಲಿ ಬಿಟ್ಟು, "ನಡಿ, ನಾನೂ ನೋಡೇಬಿಡ್ತೀನಿ ಅದ್ಯಾವ ಆಪೀಸು ಅಂತ," ಎಂದಳು.

ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಮಧ್ಯಾಹ್ನದವರೆಗೆ ಕೂತರು. ಮೇಜಿನ ಹಿಂದೆ ಇದ್ದವರು ರಾಮಕೃಷ್ಣಪ್ಪ ಎಂಬ ಅಧಿಕಾರಿ. ತಲೆ ನರೆತವರು, ಮಾತು ಮೆತ್ತಗೆ. ಜಹೀರಾ ಕೊನೆಯ ಸಲವೆಂಬಂತೆ ಕೇಳಿದಳು. "ಒಂದು ಗಂಟೆ ಸಾಕು ಸರ್. ಹೋಗಿ ಬಂದುಬಿಡ್ತೀನಿ."

"ನಂದು ಬೆಂಗಳೂರಮ್ಮ. ಅಲ್ಲಿಗೆ ಬರೆಯೋ ಅಧಿಕಾರ ನನಗಿಲ್ಲ. ದಿಲ್ಲಿಯಿಂದ ಬಂದಿದ್ರೆ ನಾನೇ ಮನೆಗೆ ತಂದು ಕೊಡ್ತಿದ್ದೆ."

ಗಂಗರತ್ನಮ್ಮ ಎದ್ದು ನಿಂತಳು. "ಸ್ವಾಮಿ, ಅಲ್ಲಿರಾದು ಒಬ್ಳು ಮುದುಕಿ. ಗಂಡ ಓಗವ್ನೆ, ಮೂಲೇಲಿ ಕೂತವ್ಳೆ. ಇವ್ಳು ಓಗಿ ನೋಡ್ಬುಟ್ರೆ ಯಾವ ಇಮಾನ ಕೆಳಕ್ ಬೀಳ್ತದೆ?"

"ಯಾವುದೂ ಬೀಳಲ್ಲಮ್ಮ."

"ಅಂಗಾದ್ರೆ ನೀವೇ ಜೊತೇಲಿ ಬನ್ನಿ. ನೋಡ್ಸಿ ವಾಪಸ್ ಕರ್ಕಂಬನ್ನಿ. ಊಟ ನಮ್ಮನೇಲಿ."

ರಾಮಕೃಷ್ಣಪ್ಪ ನಗಲಿಲ್ಲ. "ನಾನೇ ಜೊತೇಲಿ ಬಂದ್ರೂ ಅದು ತಪ್ಪೇ. ಸಿಕ್ಕಿಬಿದ್ರೆ ಇವರಿಗೆ ಜೈಲು. ಇನ್ನೆಂದೂ ಈ ಕಡೆ ಬರೋ ಹಾಗಿಲ್ಲ. ಇವರ ತಮ್ಮ ಎಲ್ಲಿ ಕೆಲಸದಲ್ಲಿದ್ದಾನೆ ಅಂತ ನನ್ನ ಹತ್ರ ಇದೆ. ಬೇಡಮ್ಮ." ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ಯಾವ ರೈಲಲ್ಲಿ ಹೋಗ್ತೀರಿ?" ಎಂದರು.

"ಬೆಳಗಿನ ಗುಂತಕಲ್ ಪ್ಯಾಸೆಂಜರು. ಅಲ್ಲಿಂದ ದಿಲ್ಲಿ ಕಡೆ ಹೋಗೋ ರೈಲು."

"ಅದು ನಮ್ಮೂರ್ ಮ್ಯಾಲೇ ಅಲ್ವಾ ಓಗಾದು?" ಎಂದಳು ಗಂಗರತ್ನಮ್ಮ.

ಜಹೀರಾ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿತ್ತು. ಟಿಕೆಟ್ ತಂದ ದಿನದಿಂದಲೂ, ಆ ಸ್ಟೇಷನ್ನಿನಲ್ಲಿ ರೈಲು ನಿಲ್ಲುವಷ್ಟು ಹೊತ್ತು ಕಿಟಕಿ ಮುಚ್ಚಿ ಕೂರಬೇಕೆಂದು ನಿಶ್ಚಯಿಸಿಕೊಂಡಿದ್ದಳು.

ರಾಮಕೃಷ್ಣಪ್ಪ ಬರೆಯುವುದನ್ನು ನಿಲ್ಲಿಸಿ, ಇಬ್ಬರನ್ನೂ ನೋಡಿದರು. "ರೈಲು ಎಲ್ಲೆಲ್ಲಿ ನಿಲ್ಲತ್ತೆ ಅನ್ನೋದು ರೈಲ್ವೆಯವರ ವಿಷಯ. ದಾರಿಯಲ್ಲಿ ಇವರು ಇಳಿಯೋ ಹಾಗಿಲ್ಲ."

"ಇಳ್ಯಾಕಿಲ್ಲ."

"ಒಂದು ಕಾಲೂ ಕೆಳಗಿಡಬಾರದು."

"ಇಡಾಕಿಲ್ಲ ಸ್ವಾಮಿ. ನಾನು ನೋಡ್ಕತೀನಿ."

ಹೊರಗೆ ಬಂದು ಬಹಳ ದೂರ ನಡೆದ ಮೇಲೆ ಗಂಗರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ನಿಂದು ನಾಟ್ಕ ಅನ್ಕಂಡಿದ್ದೆ ಕಣೇ," ಎಂದಳು.

ಮಾರನೆ ದಿನ ಅವಳು ಸೊಪ್ಪು ಮಾರಲು ಬರಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಜಹೀರಾ ಮತ್ತು ವಾಜಿದ್ ರೈಲು ಹತ್ತಿದರು. ಅಮ್ಮನಿಂದ ಒಂದು ಮಾತೂ ಬಂದಿರಲಿಲ್ಲ. ಯಶವಂತಪುರ ಬಿಟ್ಟ ಮೇಲೆ ವಾಜಿದ್, "ಆಪಾ, ಕೈ ಹೊರಗೆ ಹಾಕ್ಬೇಡಿ," ಎಂದ. ಏಕೆ ಹಾಗೆ ಹೇಳಿದನೋ ಅವನಿಗೇ ತಿಳಿಯದೆ, ತಾನೇ ಮುಖ ತಿರುಗಿಸಿದ.

ಯಲಹಂಕ ಬಂತು. ಕಿಟಕಿ ಮುಚ್ಚಲು ಜಹೀರಾಗೆ ಆಗಲಿಲ್ಲ. ಪ್ಲಾಟ್‌ಫಾರಂ ಮೇಲೆ ಸೌತೆಕಾಯಿ ಮಾರುವವರು, ಗಂಟುಗಳ ಮೇಲೆ ಕೂತ ಜನ, ಹೊಂಗೆಮರದ ನೆರಳು. ಬಿಳಿ ಚಾದರದ ಹೆಂಗಸು ಯಾರೂ ಇರಲಿಲ್ಲ. ಅವಳು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮತ್ತೆ ಆ ತುದಿಯಿಂದ ಈ ತುದಿಗೆ. ಗಾರ್ಡು ಸೀಟಿ ಊದಿದ. ರೈಲು ಒಂದು ಸಲ ಜಗ್ಗಿ ಹೊರಟಿತು. ಹಳದಿ ಹಲಗೆಯ ಮೇಲಿನ ಊರ ಹೆಸರು ಅವಳ ಕಿಟಕಿಯ ಮುಂದೆ ನಿಧಾನವಾಗಿ ಸರಿದು ಹೋಯಿತು. ಅವಳು ಸರಳಿಗೆ ಹಣೆ ಆನಿಸಿ ಕಣ್ಣು ಮುಚ್ಚಿದಳು.

ಆಗ ಗಾಡಿಯ ಆ ಕೊನೆಯಿಂದ ಗಂಗರತ್ನಮ್ಮನ ದನಿ ಕೇಳಿಸಿತು. "ಸರ್ಕಳ್ರಪ್ಪ. ಕಾಲು ಮಡಿಚ್ಕಳಣ್ಣ, ವಯ್ಸಾದೋರು ಬತ್ತಾವ್ರೆ. ನಿಮ್ಮ ಟ್ರಂಕು ಯೇನು ಬಾಗ್ಲಲ್ಲೇ ಸಂಸಾರ ಮಾಡ್ತದಾ?"

ಜನರ ನಡುವೆ ಅವಳ ಹಿಂದೆ ಬಿಳಿ ಚಾದರ ಹೊದ್ದ ಒಂದು ಸಣ್ಣ ಆಕಾರ, ಸೀಟಿನಿಂದ ಸೀಟಿಗೆ ಕೈಯೂರಿ ಬರುತ್ತಿತ್ತು. ಹತ್ತಿರ ಬಂದು ನಿಂತಿತು. ಅಕ್ಬರಿ ಮಗಳ ಮುಖ ನೋಡಿದಳು. ಹದಿನೆಂಟರ ಹುಡುಗಿಯನ್ನು ಬೀಳ್ಕೊಟ್ಟವಳು. ತಿರುಗಿ ಗಂಗರತ್ನಮ್ಮನನ್ನು ಕೇಳಿದಳು: "ಇವಳೇನಾ?"

"ಇವ್ಳೇ. ಮೂಗು ನೋಡು."

ಜಹೀರಾ ಎದ್ದು ನಿಂತದ್ದು, ಅಮ್ಮನ ಕೈ ಅವಳ ಕೆನ್ನೆಗೆ ಬಂದದ್ದು, ಆಮೇಲೆ ಇಬ್ಬರೂ ಒಬ್ಬರ ಭುಜದಲ್ಲೊಬ್ಬರು ಮುಖವಿಟ್ಟು ಅತ್ತದ್ದು, ಎದುರು ಸೀಟಿನ ರೈತರಿಬ್ಬರು ಎದ್ದು ಜಾಗ ಬಿಟ್ಟದ್ದು ಎಲ್ಲ ರೈಲಿನ ಕುಲುಕಾಟದಲ್ಲೇ ನಡೆಯಿತು. ಅಕ್ಬರಿ ಮೊದಲು ಸುಧಾರಿಸಿಕೊಂಡಳು. "ದಪ್ಪ ಆಗಿದ್ದೀಯ," ಎಂದಳು. "ಒಳ್ಳೇದು. ಕೂತ್ಕೋ. ನೀನು ಇಳೀಬಾರದಂತೆ."

ನಡೆದದ್ದನ್ನು ಗಂಗರತ್ನಮ್ಮ ಹೇಳಿದಳು. "ಆಪೀಸಿಂದ ಓಗಿ ಎಲ್ಲಾನೂ ಆಡಿ ತೋರ್ಸ್ದೆ. ಆ ಯಪ್ಪ ಕೂತ್ಕಂಡಂಗೆ ಕೂತು, ಬರ್ದಂಗೆ ಬರ್ದು. ನಿಮ್ಮವ್ವ, ಈ ಬೂಬಮ್ಮ, ಒತ್ತು ಮುಳುಗಾಗಂಟ ಅಕ್ಕಿ ಆರಿಸ್ಕಂಡು ಕೂತಿದ್ಲು. ಆಮ್ಯಾಕೆ ಯೇನಂದ್ಲು ಗೊತ್ತಾ? ಅವ್ಳೂ ಇದ್ದತ್ತಲ್ಲಿ ಕೂತವ್ಳೆ, ನಂಗೆ ತಿಳೀಲಿಲ್ಲ ಅಂದ್ಲು. ಆಮ್ಯಾಕೆ ನನ್ನೇ ಕೇಳಿದ್ಲು, ರೈಲು ಯಾರ ಮನೆ ಅಂತ. ನಾನು, ಸರ್ಕಾರದ್ದು ಅಂದೆ. ಅಂದ್ರೆ ಯಾರ ಮನೆಯೂ ಅಲ್ಲ, ಅಂದ್ಲು."

"ದೊಡ್ಡಪ್ಪ?" ಎಂದು ವಾಜಿದ್ ಕೇಳಿದ.

"ಜಗಲಿ ಮ್ಯಾಲೇ ಇದ್ರು. ಎಲ್ಲಿಗೆ ಅಂದ್ರು."

"ಹೊತ್ತು ಮುಳುಗೋ ಮುಂಚೆ ಬರ್ತೀನಿ ಅಂದೆ," ಎಂದಳು ಅಕ್ಬರಿ. "ಎಲ್ಲಿಗೆ ಅಂತ ಹೇಳಲಿಲ್ಲ. ಅವರು ಕೋಲು ಊರಿ ಎದ್ದರು. ಅಷ್ಟರಲ್ಲಿ ನಾನು ಬೀದಿ ತಿರುವಿನಲ್ಲಿದ್ದೆ."

"ಅದ್ಕೇ ತಡ ಆಗಿದ್ದು. ಓಡ್ಸ್ಕಂಡ್ ಬಂದೆ. ಕೊನೇ ಡಬ್ಬಕ್ಕೆ ನೂಕಿ ಅತ್ತಿಸ್ದೆ," ಎಂದಳು ಗಂಗರತ್ನಮ್ಮ.

ರಾಜಾನುಕುಂಟೆ ಬಂದು ಹೋಯಿತು. ಅಕ್ಬರಿ ಗಂಡ ತೀರಿಕೊಂಡ ದಿನದ ಮಾತು ಹೇಳತೊಡಗಿದಳು. ಬೆಳಿಗ್ಗೆ ನವಸಾಗರ ಮುಗಿದಿದೆ, ತರಿಸಬೇಕು ಎಂದರಂತೆ. ಗಂಜಿ ಕುಡಿದರಂತೆ. ಕಿಟಕಿ ತೆರೆ ಎಂದರಂತೆ. ಅವಳು ತೆರೆದು ತಿರುಗುವಷ್ಟರಲ್ಲಿ ಮುಗಿದಿತ್ತು. ಜಹೀರಾ ಗಂಜಿ ಯಾವುದರದ್ದು, ಕಿಟಕಿ ಯಾವ ಕಡೆಯದ್ದು, ಅಂದು ಅಪ್ಪ ಯಾವ ಅಂಗಿ ಹಾಕಿದ್ದರು ಎಂದು ಕೇಳಿದಳು. ಅಕ್ಬರಿ ಒಂದೊಂದಕ್ಕೂ ಹೇಳಿದಳು. ತಂತಿಯಲ್ಲಿ ಮೂರೇ ಪದ ಬಂದಿದ್ದವು. ಉಳಿದದ್ದು ಈಗ ಬರುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ರೈಲು ನಿಂತಿತು. ಅಕ್ಬರಿಯ ಟಿಕೆಟ್ಟು ಅಲ್ಲಿಗೇ. ಅವಳು ಏಳಲಿಲ್ಲ.

"ಬೂಬಮ್ಮ, ಇಳಿ," ಎಂದಳು ಗಂಗರತ್ನಮ್ಮ.

"ಹೊತ್ತು ಎಲ್ಲಿದೆ ನೋಡು. ಇನ್ನೂ ಮೇಲೇ ಹತ್ತಿಲ್ಲ."

"ಒತ್ತಲ್ಲ, ಟಿಕೀಟು. ಹಿಡುದ್ರೆ ನಿಮ್ಮಿಬ್ರುನ್ನೂ ಬಿಡ್ತಾರೆ, ಸೊಪ್ನೋಳ್ನ ಬಿಡಾಕಿಲ್ಲ."

"ನೀನು ಬೇಕಾದ್ರೆ ಇಳಿ ರತ್ನಮ್ಮ."

ಗಂಗರತ್ನಮ್ಮ ಇಳಿಯಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿದಳು. ಮಾಕಳಿದುರ್ಗದ ಬಂಡೆಗಳು ಹತ್ತಿರ ಬಂದವು, ಗಾಡಿಯೊಳಗೆ ನೆರಳು ಬಿತ್ತು, ಮತ್ತೆ ಬಿಸಿಲಾಯಿತು. ಮೊಮ್ಮಕ್ಕಳ ಹೆಸರು ಕೇಳಿದ ಅಕ್ಬರಿ ಅವನ್ನು ಬಾಯಲ್ಲೇ ಹೇಳಿಕೊಂಡು ಕಲಿತಳು. ಹಿರಿಯವನಿಗೆ ಅಜ್ಜನ ಮೂಗು ಬಂದಿದೆಯೇ ಎಂದು ಕೇಳಿದಳು. ಬಂದಿಲ್ಲ ಎಂದಳು ಜಹೀರಾ. "ಪರವಾಗಿಲ್ಲ ಬಿಡು," ಎಂದಳು ಅಕ್ಬರಿ.

ಗೌರಿಬಿದನೂರಿನಲ್ಲಿ ಬೆಂಗಳೂರಿಗೆ ಹೋಗುವ ರೈಲು ಪಕ್ಕದ ಹಳಿಯ ಮೇಲೆ ಬಂದು ನಿಂತಿತ್ತು. ಅದು ಬಿಟ್ಟರೆ ಹೊತ್ತು ಮುಳುಗುವ ಮುನ್ನ ಊರು ಸೇರಿಸುವ ಇನ್ನೊಂದು ಗಾಡಿ ಇರಲಿಲ್ಲ. ಅಕ್ಬರಿ ಎದ್ದಳು. ವಾಜಿದ್ ಅವಳನ್ನು ಇಳಿಸಿಕೊಂಡು, ಟಿಕೆಟ್ಟಿನ ವಿಷಯ ಮಾತಾಡಲು ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದ. ಜಹೀರಾ ಬಾಗಿಲವರೆಗೆ ಬಂದಳು. ಅವಳ ಒಂದು ಕಾಲು ಮೆಟ್ಟಿಲಿಗೆ ಇಳಿದಿತ್ತು. ಅಕ್ಬರಿ ಕೆಳಗಿನಿಂದ ಆ ಪಾದವನ್ನು ಅಂಗೈಯಲ್ಲಿ ಹಿಡಿದು, ಮಗುವಿನ ಕಾಲನ್ನು ತೊಟ್ಟಿಲೊಳಗೆ ಇಡುವ ಹಾಗೆ, ಮೇಲಕ್ಕೆತ್ತಿ ಗಾಡಿಯೊಳಗೆ ಇಟ್ಟಳು. ಆಮೇಲೆ ಗಂಗರತ್ನಮ್ಮನ ಜೊತೆ ಹಳಿ ದಾಟಿ ಹೋದಳು.

ಜಹೀರಾ ಆ ಕಡೆಯ ಕಿಟಕಿಗೆ ಬಂದಾಗ ಎದುರು ರೈಲಿನ ಕಿಟಕಿಯಲ್ಲಿ ಅಮ್ಮ ಕೂತಿದ್ದಳು. ನಡುವೆ ಒಂದಾಳು ನಿಲ್ಲುವಷ್ಟು ಜಾಗ. ಎರಡು ಕಡೆಯೂ ಸರಳುಗಳು. "ನೀರಿದೆಯಾ?" ಎಂದಳು ಅಮ್ಮ. ಜಹೀರಾ ಖಾಲಿ ಕೂಜ ಎತ್ತಿ ತೋರಿಸಿದಳು. ಗಂಗರತ್ನಮ್ಮ ಗೊಣಗುತ್ತ ಮತ್ತೆ ಇಳಿದಳು. ಎರಡು ರೈಲುಗಳ ನಡುವಿನ ಜಲ್ಲಿಕಲ್ಲಿನ ಮೇಲೆ ನಿಂತು ಕೂಜ ಇಸಿದುಕೊಂಡು, ಕೊಳಾಯಿಯಲ್ಲಿ ತುಂಬಿ ತಂದು ಬಾಗಿಲಲ್ಲಿ ಕೊಟ್ಟಳು. "ಗುಂತಕಲ್ಲು ಬೆಂಕಿ ಅಂತಾರೆ. ತಲೆ ಮ್ಯಾಲೆ ಬಟ್ಟೆ ಆಕ್ಕೊ," ಎಂದಳು.

ಜಹೀರಾಳ ರೈಲೇ ಮೊದಲು ಅಲುಗಿತು. ವಾಜಿದ್ ಓಡಿಬಂದು ಹತ್ತಿದ. ಅಮ್ಮನ ಕಿಟಕಿ ಹಿಂದಕ್ಕೆ ಸರಿಯಿತು. ಅಕ್ಬರಿ ಸರಳಿಗೆ ಮುಖವೊತ್ತಿ ಏನೋ ಕೇಳುತ್ತಿದ್ದಳು, ತುಟಿ ಆಡುತ್ತಿತ್ತು. ಚಕ್ರದ ಸದ್ದಿಗೆ ಏನೂ ಕೇಳಿಸಲಿಲ್ಲ. ಜಹೀರಾ ಜೋರಾಗಿ ತಲೆಯಾಡಿಸಿ, "ಹ್ಞೂಂ," ಎಂದಳು. ಇನ್ನೊಮ್ಮೆ, "ಹ್ಞೂಂ ಅಮ್ಮಾ," ಎಂದಳು.

"ಏನಂತೆ?" ಎಂದ ವಾಜಿದ್, ಉಸಿರು ತೆಗೆದುಕೊಳ್ಳುತ್ತ.

"ಗೊತ್ತಿಲ್ಲ."

"ಮತ್ತೆ ಹ್ಞೂಂ ಅಂದ್ರಿ?"

"ಅಮ್ಮ ಕೇಳಿದ್ದಲ್ವಾ," ಎಂದಳು ಜಹೀರಾ.